ಬರತೇನಿ ಎಂದ ಆಡು

ಕಳೆದ ವಾರ ಹುಕ್ಕೇರಿಯ ನಮ್ಮ ಮನೆಯ ಕಪಾಟು ಸ್ವಚ್ಛ ಮಾಡುವಾಗ ಹಳೆಯ ಬಿಸ್ಕಿಟ್ ಡಬ್ಬಿಯೊಂದರಲ್ಲಿ ನನ್ನ ಮೈಕು ಸಿಕ್ಕಿತು. ನಾನು ಇಲ್ಲಿ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತೇನೆ. ಮಕ್ಕಳ ಕಥೆಗಳನ್ನು ರೆಕಾರ್ಡ್ ಮಾಡಲು ಬೇಕಾದೀತು ಎಂದು ಅದನ್ನು ಮೇಜಿನ ಮೇಲೆ ಮೆಲ್ಲಗೆ ತಟ್ಟಿದೆ. ಜಾಲರಿಯೊಳಗಿಂದ ಬೆಳ್ಳಗೆ ಹಿಟ್ಟು ಉದುರಿತು. ಬೆರಳಿಗೆ ಹಚ್ಚಿಕೊಂಡು ಮೂಸಿದೆ. ಇಷ್ಟು ವರ್ಷದ ಹಿಟ್ಟಿನಲ್ಲಿ ಏನು ವಾಸನೆ ಉಳಿದೀತು? ಆದರೂ ನನ್ನ ಮೂಗಿಗೆ ಆಗಷ್ಟೇ ಬೀಸಿದ ಜೋಳದ ಬಿಸಿ ಹಿಟ್ಟಿನ ಘಮ ಬಂತು. ಅದರ ಹಿಂದೆಯೇ ಗಿರಣಿ ಕಾಕುವಿನ ದನಿ...

ನನ್ನ ತವರು ಮೂಡಲಗಿಯಲ್ಲಿ ನಮ್ಮ ಮನೆಗೂ ಊರಿಗೆಲ್ಲ ಚಿಕ್ಕಮ್ಮನಾದ ಈ ಕಾಕುವಿನ ಹಿಟ್ಟಿನ ಗಿರಣಿಗೂ ಒಂದೇ ಗೋಡೆ. ಮೂವತ್ತು ವರ್ಷ ಆ ಸದ್ದಿನ ಎದುರು ಮಾತಾಡಿ ಮಾತಾಡಿ ಅವರ ದನಿ ಎಷ್ಟು ಬಲಿತಿತ್ತೆಂದರೆ, ಅವರು ಯಾರ ಕಿವಿಯಲ್ಲಾದರೂ ಗುಟ್ಟು ಹೇಳಿದರೆ ಅದು ಮೂರು ಓಣಿಗೆ ತಿಳಿಯುತ್ತಿತ್ತು. ಹುಬ್ಬು, ರೆಪ್ಪೆ, ಸೀರೆಯ ಸೆರಗು ಎಲ್ಲ ಸದಾ ಬೆಳ್ಳಗೆ. ಜೋಳದ ಡಬ್ಬಿಯ ಮುಚ್ಚಳ ತೆಗೆದು ಒಂದು ಕಾಳು ಬಾಯಿಗೆ ಹಾಕಿಕೊಂಡರೆ ಯಾವ ಹೊಲದ್ದು ಎಂದು ಹೇಳುತ್ತಿದ್ದರು. ತಪ್ಪಿದರೂ ಒಪ್ಪಿಕೊಳ್ಳುತ್ತಿರಲಿಲ್ಲ.

ನಾನಾಗ ಗೋಕಾಕದಲ್ಲಿ ಕಂಪ್ಯೂಟರ್ ಮೇಲೆ ಕಾರ್ಟೂನು ಮಾಡುವುದನ್ನು ಕಲಿತು ಬಂದು ಮನೆಯಲ್ಲಿ ಕೂತಿದ್ದೆ. ಕೆಲಸವಿರಲಿಲ್ಲ, ಗರ್ವ ಮಾತ್ರ ಬೇಕಾದಷ್ಟಿತ್ತು. ‘ದೊಡ್ಡಿ ಮಂದಿ’ ಎಂದು ಒಂದು ಕಾರ್ಟೂನ್ ಧಾರಾವಾಹಿ ಶುರುಮಾಡಿದ್ದೆ. ಒಂದೇ ದೊಡ್ಡಿಯಲ್ಲಿರುವ ಕುರಿ, ಆಡು, ಟಗರುಗಳ ಸಂಸಾರ. ವಾರಕ್ಕೊಂದು ಜಗಳ, ವಾರಕ್ಕೊಂದು ರಾಜಿ. ನಾಯಕಿ ಚಿಮಣಿ ಎಂಬ ಕರಿ ಆಡು. ಒಂದು ಮಧ್ಯಾಹ್ನ ನಾನೇ ಅದರ ಮಾತುಗಳನ್ನು ಜೋರಾಗಿ ಓದುತ್ತಿದ್ದಾಗ ಗೋಡೆಯಾಚೆಯಿಂದ ಕಾಕು ಕೂಗಿದರು.

“ಏನವಾ, ಅದು ಆಡ ಮಾತಾಡೂದೋ, ಸಾಲಿ ಬಾಯಾರ ಮಾತಾಡೂದೋ?”

ಟೀಚರಮ್ಮನ ಮಾತು ಎಂದದ್ದಕ್ಕೆ ನನಗೆ ಸಿಟ್ಟು ಬಂತು. ಹಾಗಾದರೆ ನೀವೇ ಆಡಿ ತೋರಿಸಿರಿ ಎಂದು ಮೈಕು ಹಿಡಿದು ಗಿರಣಿಗೇ ಹೋದೆ. ಅವರು ಕೈಯ ಹಿಟ್ಟು ಝಾಡಿಸಿ, ಕೊರಳು ಸರಿಮಾಡಿಕೊಂಡು, ನನ್ನ ಕಾಗದದಲ್ಲಿದ್ದುದನ್ನು ಒಂದು ಸಲ ಕೇಳಿಸಿಕೊಂಡು, ತಮ್ಮದೇ ಧಾಟಿಯಲ್ಲಿ ಹೇಳಿದರು. ಹಿಟ್ಟಿಗೆ ಕಾದು ಕೂತ ಹೆಂಗಸರು ಬಿದ್ದು ಬಿದ್ದು ನಕ್ಕರು. ಅವತ್ತಿನಿಂದ ಚಿಮಣಿ ಕಾಕುವಿನದಾಯಿತು.

ನಮ್ಮ ಸ್ಟುಡಿಯೋ ಆ ಗಿರಣಿಯೇ. ಮಧ್ಯಾಹ್ನ ಕರೆಂಟು ಹೋಗುವುದನ್ನೇ ಕಾಯುತ್ತಿದ್ದೆವು. ಊರೆಲ್ಲ ಬೈಯುತ್ತಿದ್ದ ಹೊತ್ತಿಗೆ ನಾವಿಬ್ಬರು ಖುಷಿಯಾಗುತ್ತಿದ್ದೆವು. ಯಂತ್ರ ನಿಂತದ್ದೇ ತಡ, ಜೋಳದ ಚೀಲಗಳನ್ನು ಸುತ್ತ ಒಟ್ಟಿ, ನಡುವೆ ಕಾಕುವನ್ನು ಕೂರಿಸಿ, ಲ್ಯಾಪ್‌ಟಾಪಿನ ಬ್ಯಾಟರಿ ಮುಗಿಯುವುದರೊಳಗೆ ರೆಕಾರ್ಡಿಂಗು. ಕಾದು ಕೂತವರೇ ನಮ್ಮ ಪರೀಕ್ಷಕರು. ಅವರಲ್ಲಿ ಕುರಿ ಕಾಯುವ ಅಜ್ಜ ಒಬ್ಬರಿದ್ದರು. ಹಸಿದ ಆಡು ಒದರುವುದೇ ಬೇರೆ, ಮರಿ ಕಳೆದುಕೊಂಡ ಆಡು ಒದರುವುದೇ ಬೇರೆ ಎಂದು ಕಾಕುವಿಗೆ ಪಾಠ ಹೇಳಿಕೊಟ್ಟವರು ಅವರು. ಕಾಕು ಆ ಪಾಠವನ್ನು ಎಷ್ಟು ಮನಸ್ಸಿಟ್ಟು ಕಲಿತರೆಂದರೆ ಒಂದು ದಿನ ಹೊರಗೆ ಕಟ್ಟಿದ್ದ ಅಜ್ಜನ ಆಡೇ ಉತ್ತರ ಕೊಟ್ಟಿತು.

ಕಾಕುವಿಗೆ ಇದು ಬರೀ ಚೇಷ್ಟೆಯಾಗಿರಲಿಲ್ಲ ಎಂದು ನನಗೆ ತಿಳಿದದ್ದು ತಡವಾಗಿ. ಚಿಕ್ಕವರಿದ್ದಾಗ ಅವರ ತವರು ಅಂಕಲಗಿಯಲ್ಲಿ ನಾಟಕ ಕಂಪನಿಯೊಂದು ತಿಂಗಳುಗಟ್ಟಲೆ ಠಿಕಾಣಿ ಹೂಡಿತ್ತಂತೆ. ಡೇರೆಯ ಹೊರಗೆ ನಿಂತು ಕೇಳಿ ಕೇಳಿ ಇಡೀ ನಾಟಕ ಬಾಯಿಪಾಠ. ನಾಯಕಿಗೆ ಜ್ವರ ಬಂದ ದಿನ ಕಂಪನಿಯವರು ಈ ಹುಡುಗಿಯನ್ನು ಕೇಳಿಕೊಂಡು ಮನೆಗೇ ಬಂದಿದ್ದರು. ಅಪ್ಪ ಬಾಗಿಲು ಹಾಕಿದ್ದ. ಇದನ್ನು ಹೇಳುವಾಗಲೂ ಕಾಕು ನಗುತ್ತಲೇ ಇದ್ದರು. ಆಮೇಲೆ ಸೆರಗಿನಿಂದ ಮೈಕು ಒರೆಸುತ್ತ, “ನನ್ನ ಮಾರಿ ಯಾರೂ ನೋಡಬೇಕಾಗಿಲ್ಲವಾ. ನನ್ನ ದನಿ ಒಂದ ಊರ ದಾಟಿದ್ರ ಸಾಕು” ಎಂದರು. ಸೆರಗಿನ ತುಂಬ ಹಿಟ್ಟು. ಒರೆಸಿದಷ್ಟೂ ಮೈಕು ಬೆಳ್ಳಗಾಗುತ್ತಿತ್ತು...

ನಾನು ಹೆಮ್ಮೆಯಿಂದ ಬರೆದ ಕಂತು ಚಿಮಣಿಗೆ ಸಿನಿಮಾದ ಹುಚ್ಚು ಹಿಡಿದದ್ದು. ಗೋಕಾಕ ಫಾಲ್ಸಿನಲ್ಲಿ ಶೂಟಿಂಗು ನಡೆದಿರುತ್ತದೆ. ಚಿಮಣಿ ಹೀರೋನ ಕೊರಳ ಹಾರ ತಿಂದುಬಿಡುತ್ತದೆ. ಡೈರೆಕ್ಟರು ಬೈಯುವ ಬದಲು, ಆಹಾ ಏನು ಮುಖಭಾವ ಎನ್ನುತ್ತಾನೆ. ಮುಗಿಯಿತು. ಅವತ್ತಿನಿಂದ ದೊಡ್ಡಿಯಲ್ಲಿ ಎಲ್ಲರೂ ಅದನ್ನು ರೀ ಹಚ್ಚಿ ಮಾತಾಡಿಸಬೇಕು. ಜಾಲಿಕಾಯಿ ಬೇಡ, ಸೌತೆಕಾಯಿ ಹೆಚ್ಚಿ ಕೊಡಬೇಕು. ಬಿಸಿಲಿಗೆ ಒಂದು ಮರಿ ಕೊಡೆ ಹಿಡಿಯಬೇಕು. ಕೊನೆಗೆ ಕಬ್ಬಿನ ಟ್ರ್ಯಾಕ್ಟರ್ ಏರಿ, “ಹೋಗತೇನಿ, ಇನ್ನ ಈ ದೊಡ್ಡಿಗೆ ಕಾಲಿಡೂದಿಲ್ಲ” ಎಂದು ಹೊರಟುಬಿಡುತ್ತದೆ. ಸಿನಿಮಾದವರು ಅದನ್ನು ಕರೆಸಿದ್ದು ಮದುವೆ ಊಟದ ದೃಶ್ಯಕ್ಕೆ. ಎಲೆಯ ಮೇಲಿನ ಪಾತ್ರಕ್ಕೆ! ಇಂಥ ಕಟುವಾದ ಮುಕ್ತಾಯ ಯಾರೂ ಬರೆದಿರಲಿಕ್ಕಿಲ್ಲ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ.

ಕಾಕು ಎಲ್ಲ ಮಾತನ್ನೂ ಚೆನ್ನಾಗಿ ಹೇಳಿದರು. ಹೊರಡುವ ಮಾತು ಬಂದಾಗ ಮಾತ್ರ “ಬರತೇನಿ” ಎಂದರು. ತಪ್ಪಾಯಿತು, ‘ಹೋಗತೇನಿ’ ಎನ್ನಿರಿ ಎಂದೆ. ಎರಡನೆಯ ಸಲವೂ ಬರತೇನಿ. ಮೂರನೆಯ ಸಲವೂ ಅದೇ.

“ಹೊಸ್ತಲ ದಾಟೂವಾಗ ಹೋಗತೇನಿ ಅನಬಾರದವಾ” ಎಂದರು.

“ಕಾಕು, ಹೊಂಟಿದ್ದು ನೀವಲ್ರಿ, ಆಡು.”

“ಆಡ ಇದ್ರೇನಾತು? ಬಾಯಿ ನಂದಲ್ಲೇನ?”

ಅಷ್ಟರಲ್ಲಿ ಕರೆಂಟು ಬಂತು, ಗಿರಣಿ ಶುರುವಾಯಿತು, ನನಗೆ ಉಳಿದದ್ದು ಮೂರು ‘ಬರತೇನಿ’ಗಳು ಮಾತ್ರ. ಕುರಿಯ ಅಜ್ಜ ತಮ್ಮ ಹಿಟ್ಟಿನ ಚೀಲ ಹೆಗಲಿಗೇರಿಸುತ್ತ, “ಬರತೇನಿ ಅಂದೈತಲ್ಲ, ಮತ್ತ ಬರಬೇಕಲ್ಲ ಅದು?” ಎಂದು ಕೇಳಿದರು. ಕಾದು ಕೂತವರೆಲ್ಲ ಹೌದು ಹೌದು ಎಂದು ತಲೆಯಾಡಿಸಿದರು. ಎರಡು ದಿನ ಯಾರೊಂದಿಗೂ ಮಾತಾಡದೆ ಮುಖ ಊದಿಸಿಕೊಂಡಿದ್ದೆ. ಮೂರನೆಯ ದಿನ ಕೂತು ಹೊಸ ಮುಕ್ತಾಯ ಬರೆದೆ. ಚಿಮಣಿ ಸಿನಿಮಾದವರ ಕರಾರು ಪತ್ರವನ್ನೇ ತಿಂದು, ಅದೇ ಟ್ರ್ಯಾಕ್ಟರಿನಲ್ಲಿ ಮರಳಿ ಬಂದು, ಜಾಲಿಕಾಯಿಗೆ ಬಾಯಿ ಹಾಕಿ, “ಕೊಡೆ ಎಲ್ಲೈತಿ?” ಎನ್ನುತ್ತದೆ. ಆ ಕಂತು ಮೊಬೈಲಿಂದ ಮೊಬೈಲಿಗೆ ಹಾರಿತು.

ಹುಬ್ಬಳ್ಳಿಯಿಂದ ಚಾನೆಲ್ಲಿನ ಸಾಹೇಬರೊಬ್ಬರು ಫೋನು ಮಾಡಿದ್ದು ಆಗಲೇ. ಧಾರಾವಾಹಿ ಹಿಡಿಸಿದೆ, ಪ್ರಸಾರ ಮಾಡುತ್ತೇವೆ, ಆದರೆ ಭಾಷೆ ಎಲ್ಲರಿಗೂ ತಿಳಿಯುವಂತಿರಬೇಕು, ದನಿ ನಮ್ಮ ಕಲಾವಿದೆಯದಿರಲಿ ಎಂದರು. ನಾನು ಒಂದು ಕ್ಷಣವೂ ಯೋಚಿಸದೆ ಹೂಂ ಅಂದೆ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಹುಬ್ಬಳ್ಳಿಗೆ ಹೊರಡುವ ದಿನ ಹೇಳಲೇಬೇಕಾಯಿತು. ಗಿರಣಿ ನಡೆಯುತ್ತಿತ್ತು. ಸದ್ದಿನಲ್ಲಿ ಅರ್ಧ ಕೇಳಲಿ, ಅರ್ಧ ಬಿಡಲಿ ಎಂಬ ಹೇಡಿತನದಿಂದ, ಚಿಮಣಿಗೆ ಬೇರೆಯವರು ದನಿ ಕೊಡುತ್ತಾರಂತೆ ಎಂದು ತಲೆ ತಗ್ಗಿಸಿ ಹೇಳಿದೆ. ಕಾಕು ಡಬ್ಬಿಯ ಜೋಳವನ್ನೆಲ್ಲ ಗಿರಣಿಗೆ ಸುರಿದರು. ಆಮೇಲೆ, “ಛಲೋ ಆತ ಬಿಡವಾ. ನನಗೂ ಕೆಮ್ಮು ಭಾಳ ಆಗೇತಿ” ಎಂದರು. ಅವರಿಗೆ ಕೆಮ್ಮು ಇರಲಿಲ್ಲ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. “ಹೋಗತೇನ್ರಿ ಕಾಕು” ಎಂದು ತಿರುಗಿದೆ.

ಗಿರಣಿ ನಿಂತಿತು. ಯಾರದೋ ಜೋಳ ಅರ್ಧ ಬೀಸಿದ್ದಾಗ ಕಾಕು ಯಂತ್ರ ನಿಲ್ಲಿಸಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಆ ಸದ್ದಿನಲ್ಲೇ ಬದುಕಿದವರು, ತುಟಿ ನೋಡಿಯೇ ಮಾತು ತಿಳಿಯುತ್ತಿದ್ದರು.

“ಏನಂದಿ? ಬರತೇನಿ ಅನ್ನು. ಹಂಗ ಕಳಸೂದಿಲ್ಲ ನಾ ನಿನ್ನ.”

ಅಂದೆ. ಮತ್ತೆ ಗಿರಣಿ ಶುರುವಾಯಿತು.

ಹುಬ್ಬಳ್ಳಿಯ ಸ್ಟುಡಿಯೋ ತಣ್ಣಗಿತ್ತು. ಕಲಾವಿದೆ ಒಳ್ಳೆಯವರು, ದನಿ ಸಕ್ಕರೆಯಂಥದ್ದು. ಒಂದೇ ಸಲಕ್ಕೆ “ನಾನು ಹೋಗುತ್ತೇನೆ” ಎಂದು ಹೇಳಿ ಮುಗಿಸಿದರು. ಸಾಹೇಬರು ಪರದೆ ನೋಡುತ್ತ, “ಹೋಗ್ತೇನೆ, ಮತ್ತೆ ಕಾಲಿಡಲ್ಲ ಅಂದಮೇಲೆ ಇದು ಯಾಕೆ ವಾಪಸ್ ಬರುತ್ತೆ? ಲಾಜಿಕ್ ಇಲ್ಲ. ಕೊನೆ ತೆಗೆದುಬಿಡಿ” ಎಂದರು. ನಾನು ಹೊಸ್ತಿಲು, ಕಾಕು, ಅಜ್ಜ ಎಲ್ಲ ವಿವರಿಸಲು ಹೋದೆ. “ಯಾವ ಕಾಕು?” ಎಂದರು. ಪರದೆಯ ಮೇಲೆ ಚಿಮಣಿ ಕೊಡೆಯ ನೆರಳಲ್ಲಿ ಮೂತಿ ಎತ್ತಿ ನಿಂತಿತ್ತು. ಅದನ್ನು ನನ್ನನ್ನೇ ನೋಡಿ ಬರೆದಿದ್ದೆ ಎಂದು ನನಗೆ ಆಗ ತಿಳಿಯಿತು. ನಗು ಬಂತು, ಅಳುವೂ ಬಂತು. ಲ್ಯಾಪ್‌ಟಾಪು ಮುಚ್ಚಿ ಎದ್ದು, ರೂಢಿಯಂತೆ ಸಾಹೇಬರಿಗೆ “ಬರತೇನ್ರಿ” ಎಂದೆ. ಆ ಮಾತನ್ನು ಮಾತ್ರ ನಾನು ಇವತ್ತಿನವರೆಗೂ ಉಳಿಸಿಕೊಂಡಿಲ್ಲ.

ಗೋಕಾಕದಲ್ಲಿ ಬಸ್ಸು ಬದಲಿಸಿ ಮೂಡಲಗಿ ಮುಟ್ಟಿದಾಗ ಗಿರಣಿಯ ಮುಂದೆ ಡಬ್ಬಿಗಳ ಸಾಲಿತ್ತು. ಕಾಕು ತಲೆ ಎತ್ತಿ ನೋಡಿದರು. “ಬಂದಿ ಏನು? ಕರೆಂಟ ಹೋಗೂತನಕ ಕುಂದ್ರು” ಎಂದರು. ನಾನು ಜೋಳದ ಚೀಲಗಳ ಪಕ್ಕ ಕೂತು ಮೈಕು ಹೊರತೆಗೆದೆ. ಅವತ್ತಿನ ರೆಕಾರ್ಡಿಂಗಿನಲ್ಲಿ ಅವರು ಒಮ್ಮೆಯೂ ಕೆಮ್ಮಲಿಲ್ಲ.

ಆಮೇಲೆ ಮೂರು ವರ್ಷ ಚಿಮಣಿ ನಡೆಯಿತು. ಕಾಕು ಒಮ್ಮೆ ಕೊಣ್ಣೂರಿನ ಸಂತೆಯಲ್ಲಿ ಬದನೆಕಾಯಿ ಚೌಕಾಸಿ ಮಾಡುತ್ತಿದ್ದರಂತೆ. ಪಕ್ಕದಲ್ಲಿದ್ದ ಅಪರಿಚಿತ ಹೆಂಗಸು ದನಿ ಕೇಳಿ ಗಕ್ಕನೆ ತಿರುಗಿ, “ಅಯ್ಯ, ನೀವು ಆ ಆಡು ಅಲ್ಲೇನ್ರಿ?” ಎಂದಳಂತೆ. ಕಾಕು ಬದನೆಕಾಯಿ ಅಲ್ಲೇ ಬಿಟ್ಟು ಊರಿಗೆ ಬಂದರು. ಎಂಟು ದಿನ ಗಿರಣಿಗೆ ಬಂದವರಿಗೆಲ್ಲ ಅದೇ ಕಥೆ. ಅವರ ದನಿ ಊರು ದಾಟಿತ್ತು. ನನ್ನ ಜೀವನದಲ್ಲಿ ನಾನು ಯಾರಿಗಾದರೂ ಏನಾದರೂ ಕೊಟ್ಟಿದ್ದರೆ ಅದೇ ಇರಬೇಕು.

ಮುಂದೆ ಖರೇನೇ ಕೆಮ್ಮು ಬಂತು. ಮಗಳು ಸಂಕೇಶ್ವರದಿಂದ ಜೀಪು ತಂದು ಕರೆದುಕೊಂಡು ಹೋದಳು. ಹೊಸ್ತಿಲ ಮೇಲೆ ನಿಂತು ಕಾಕು ಹಿಂತಿರುಗಿ, ಮೊದಲಿನ ದನಿಯ ಅರ್ಧದಷ್ಟೇ ಉಳಿದಿದ್ದ ದನಿಯಲ್ಲಿ, “ಬರತೇನವಾ. ಮೈಕ ಒರಸಿ ಇಡು” ಎಂದರು. ನಾನು ಒರೆಸಿ ಡಬ್ಬಿಯಲ್ಲಿಟ್ಟು ಕಾದೆ. ಕುರಿಯ ಅಜ್ಜನೂ ವಾರ ವಾರ ಬಂದು ಕೇಳಿದರು, ಯಾವಾಗ ಬರತಾರಂತ... ಕಾಕು ಆಡಿದ ಮಾತಿಗೆ ತಪ್ಪಿದ್ದು ಅದೊಂದೇ ಸಲ.

ಆ ಗಿರಣಿಯ ಜಾಗದಲ್ಲಿ ಈಗ ಮೊಬೈಲ್ ಅಂಗಡಿ ಇದೆ. ನಾನು ಮದುವೆಯಾಗಿ ಹುಕ್ಕೇರಿಗೆ ಬಂದೆ. ಬೇರೆಯವರ ದನಿ ಹಚ್ಚಲು ಮನಸ್ಸಾಗದೆ ‘ದೊಡ್ಡಿ ಮಂದಿ’ ನಿಲ್ಲಿಸಿದೆ. ಕಾಕುವಿನ ಮುಕ್ತಾಯವನ್ನು ಬದಲಿಸುವುದು ನನ್ನ ಕೈಯಲ್ಲಿರಲಿಲ್ಲ. ಇದ್ದಿದ್ದರೆ ಎರಡು ದಿನ ಮುಖ ಊದಿಸಿಕೊಳ್ಳದೆ, ಅವತ್ತೇ ಕೂತು ಬರೆಯುತ್ತಿದ್ದೆ.

ಮೇಜಿನ ಮೇಲೆ ಚಿಟಿಕೆಯಷ್ಟು ಹಿಟ್ಟು ಬಿದ್ದಿತ್ತು. ಕಾಗದದ ಅಂಚಿನಿಂದ ಒಟ್ಟುಮಾಡಿ ಅದನ್ನು ಡಬ್ಬಿಯೊಳಗೇ ಹಾಕಿದೆ. ಮಕ್ಕಳ ಕಥೆಗೆ ಹೊಸ ಮೈಕು ತಂದರಾಯಿತು. ಇದನ್ನು ಈ ಸಲ ಒರೆಸಲಿಲ್ಲ.