ಗಾದಿ ಚಾಚಾನ ಮುಗಿಯದ ವೆಬ್‌ಸೈಟು

ಗಾದಿ ಚಾಚಾನ ಹುಬ್ಬಿನಲ್ಲಿ ಯಾವಾಗಲೂ ಹತ್ತಿ ಸಿಕ್ಕಿಕೊಂಡಿರುತ್ತಿತ್ತು. ಮೀಸೆಯಲ್ಲಿ ಹತ್ತಿ, ಕಿವಿಯ ಮೇಲೆ ಹತ್ತಿ, ಕಡೆಗೆ ಚಹದ ಬಶಿಯಲ್ಲೂ ಹತ್ತಿ. ಮಾತಾಡುವ ಮೊದಲು ‘ಫೂ’ ಎಂದು ಒಮ್ಮೆ ಊದಿಯೇ ಅವರು ಬಾಯಿ ತೆರೆಯುತ್ತಿದ್ದರು.

ಗಜೇಂದ್ರಗಡದಲ್ಲಿ ನನ್ನ ಅತ್ತೆಮನೆಯ ಎದುರಿಗೇ ಹತ್ತಿ ತುಂಬಿ ಗಾದಿ ಹೊಲಿಯುವ ಅವರ ಅಂಗಡಿ. ನಾನು ರೋಣದ ಹುಡುಗಿ. ಲಗ್ನಕ್ಕೆ ಮುಂಚೆ ಅಲ್ಲಿ ಕಂಪ್ಯೂಟರ್ ಕ್ಲಾಸಿಗೆ ಹೋಗಿ ವೆಬ್‌ಸೈಟ್ ಮಾಡುವುದನ್ನು ಕಲಿತಿದ್ದೆ. ಅದನ್ನೇ ಊರೆಲ್ಲ ಹೇಳಿಕೊಂಡು ನನ್ನನ್ನು ಮನೆ ತುಂಬಿಸಿಕೊಂಡ ಅತ್ತೆ, ಅಕ್ಕಿಕಾಳು ಬಿದ್ದದ್ದೇ ತಡ, “ಕಲ್ತದ್ದು ಸಾಕು, ಇನ್ನ ಹೊಸ್ತಿಲದೊಳಗ ಇರು” ಎಂದರು. ನೀರಿನ ನೆಪದಲ್ಲಾದರೂ ಹೊರಗೆ ಹೋಗೋಣವೆಂದರೆ ನಳ ಅಂಗಳದಲ್ಲೇ ಇತ್ತು, ನನ್ನ ಕರ್ಮ! ಗಂಡನನ್ನು ಕೇಳಿದರೆ “ಅವ್ವ ಹೇಳಿಧಾಂಗ” ಎಂಬ ಒಂದೇ ರಾಗ. ಗೋಡೆಯ ಮೇಲೆ ಬಿಸಿಲು ಸರಿಯುವುದನ್ನು ನೋಡಿಯೇ ಸಂಜೆಯಾಯಿತೆಂದು ತಿಳಿಯಬೇಕು. ಸುಳ್ಳು ಯಾಕೆ ಹೇಳಲಿ, ಉಸಿರುಗಟ್ಟುತ್ತಿತ್ತು.

ಒಮ್ಮೆ ಅತ್ತೆ ಹಳೆಯ ಗಾದಿ ಬಿಚ್ಚಿಸಿದರು. ಮನೆಯ ಹತ್ತಿ ಮನೆ ಬಿಟ್ಟು ಹೋಗಬಾರದೆಂದು ಚಾಚಾ ನಮ್ಮ ಅಂಗಳಕ್ಕೇ ಬಂದು ಹಿಂಜುತ್ತಿದ್ದರು. ನಾನು ಅಲ್ಲೇ ಮೂಲೆಯಲ್ಲಿ ಹಳೆ ಕ್ಯಾಲೆಂಡರಿನ ಬೆನ್ನ ಮೇಲೆ ಚೌಕ ಗೀಚುತ್ತ ಕೂತಿದ್ದೆ.

“ಏನವಾ ಅದು?”

“ಅಂಗಡಿ ವೆಬ್‌ಸೈಟ್ ಹಿಂಗಿರತೈತ್ರಿ ಚಾಚಾ. ದೂರದ ಮಂದಿ ಕಂಪ್ಯೂಟರಿನ್ಯಾಗ ನಿಮ್ಮ ಗಾದಿ ನೋಡಬಹುದು.”

ಚಾಚಾ ನನ್ನ ಮುಖವನ್ನೇ ನೋಡಿದರು. ಫೂ ಎಂದು ಊದಿ ಅತ್ತೆಯ ಕಡೆ ತಿರುಗಿದರು. “ಅಕ್ಕಾರ, ನನಗೂ ಇಂಥಾದ್ದೊಂದು ಬೇಕಾಗಿತ್ರಿ. ಮಗ ಕಂಪ್ಯೂಟರ್ ತಂದಿಟ್ಟಾನ, ಅದರ ಮ್ಯಾಲ ಬರೇ ಹತ್ತಿ ಕುಂತೈತಿ. ಅಂಗಡಿ ನಿಮ್ಮ ಕಣ್ಣ ಮುಂದನ ಐತೆಲ್ಲ.”

ಅತ್ತೆಯ ಲಗ್ನದ ಗಾದಿಯನ್ನೂ ಮಾಡಿದ ಕೈ ಅದು, ಇಲ್ಲವೆನ್ನಲಾಗಲಿಲ್ಲ. “ಮಧ್ಯಾಹ್ನ ಒಂದ್ ತಾಸು. ಕೆಲಸ ಮುಗದ ದಿನಾನ ಬಂದ್” ಎಂದರು. ಆಮೇಲೆ ದಿನವೂ ಕಟ್ಟೆಯ ಮೇಲೆ ಕೂತು ನನ್ನ ಮೇಲೆ ಕಣ್ಣಿಡುತ್ತಿದ್ದರು.

ಲಗೂ ಮುಗಿಸಿ ತೋರಿಸಿದರೆ ಪೇಟೆಯ ಬೇರೆ ಅಂಗಡಿಯವರೂ ಕರೆದಾರು, ಆಗ ಅತ್ತೆಯ ಬಾಯಿ ಕಟ್ಟೀತು ಎಂಬುದು ನನ್ನ ಆಸೆ. ಈ ಮುದುಕ ಮುಗಿಸಲು ಬಿಟ್ಟರಲ್ಲವೇ! ಅಂಗಡಿಯ ಹೆಸರು ತೆರೆಯ ಮೇಲೆ ಓಡುವಂತೆ ಮಾಡಿದರೆ, “ಅಕ್ಷರ ಓಡಸಬ್ಯಾಡವಾ, ಗಿರಾಕಿನೂ ಓಡಿ ಹೋಗ್ತಾನ” ಎನ್ನುತ್ತಿದ್ದರು. ನಿಲ್ಲಿಸಿದರೆ, “ಸತ್ತಾಂಗ ನಿಂತಾವಲ್ಲ?” ಹಸಿರು ಹಾಕಿದರೆ ಕಣ್ಣಿಗೆ ಹೊಡೆಯುತ್ತದೆ, ನೀಲಿ ಹಾಕಿದರೆ ಥಂಡಿ. ಆಗೆಲ್ಲ ಇಂಟರ್ನೆಟ್ ಫೋನಿನ ತಂತಿಯಲ್ಲೇ ಬರಬೇಕು, ಹಚ್ಚಿದಷ್ಟು ಹೊತ್ತೂ ಅಂಗಡಿಯ ಫೋನು ಬಂದ್. ಗಿರಾಕಿಗಳು ನಡೆದು ಬಂದು ಬೈದು ಹೋಗುತ್ತಿದ್ದರು. ಚಾಚಾ ಮಾತ್ರ ನಗುತ್ತ ಚಹ ತರಿಸುತ್ತಿದ್ದರು.

ಗಾದಿಯ ಕೆಲಸದಲ್ಲೂ ಅವರದು ಇದೇ ಚಾಳಿ. ಒಂದು ಅಂಚನ್ನು ಹೊಲಿಯದೆ ಬಾಯಿ ಬಿಟ್ಟೇ ಕಳಿಸುತ್ತಿದ್ದರು. “ಮಲಗಿ ನೋಡ್ರಿ, ಎಲ್ಲಿ ಒತ್ತತೈತಿ ಹೇಳ್ರಿ, ಆಮ್ಯಾಲ ಹೊಲೀತೀನಿ” ಎನ್ನುವರು.

ಅಷ್ಟರಲ್ಲಿ ಗಾದಿ ಹೇಳಲು ಬಂದ ಪೇಟೆಯ ಬಟ್ಟೆ ಅಂಗಡಿಯವರನ್ನು ಕೇಳಿದರೆ, “ನಮಗ್ಯಾಕವಾ ಕಂಪ್ಯೂಟರಿನ ಗಿರಾಕಿ?” ಎಂದು ನಕ್ಕುಬಿಟ್ಟರು. ಆ ಸಿಟ್ಟಿನಲ್ಲೇ ಇದ್ದೆ. ಚಾಚಾ ಮತ್ತೆ ಬಣ್ಣದ ತಂಟೆ ತೆಗೆದರು. “ಮುಗೀತ್ರಿ! ಇನ್ನ ಒಂದು ಚುಕ್ಕಿನೂ ಮುಟ್ಟೂದಿಲ್ಲ” ಎಂದು ಎದ್ದು ಬಂದುಬಿಟ್ಟೆ. ಅತ್ತೆಗೂ ಹಾಗೆಯೇ ಹೇಳಿದೆ.

“ಚಲೋ ಆತು” ಎಂದು ಅತ್ತೆ ನನ್ನ ಹಿಂದೆ ಬಾಗಿಲ ಅಗಳಿ ಹಾಕಿದರು. ಆ ಸಪ್ಪಳ ಕೇಳಿದ ಮೇಲೆಯೇ ನಾನೇನು ಮಾಡಿಕೊಂಡೆನೆಂದು ತಿಳಿದದ್ದು. ಕೆಲಸ ಮುಗಿಯಿತೆಂದರೆ ಆ ಒಂದು ತಾಸೂ ಮುಗಿಯಿತು.

ಸಂಜೆ ಚಾಚಾ ಬಂದರು. “ಅಕ್ಕಾರ, ನಿಮ್ಮ ಸೊಸಿ ಕೆಲಸ ಕಚ್ಚಾ ಐತ್ರಿ. ನಾಳಿನೂ ಬರಬೇಕಾಗತೈತಿ.”

ಕಚ್ಚಾ? ಭಯವೆಲ್ಲ ಮರೆತು ಅಡುಗೆಮನೆಯಿಂದ ಹಾರಿ ಬಂದೆ. “ಎಲ್ಲಿ ಕಚ್ಚಾ ಐತಿ, ತೋರಸ್ರಿ!”

ಚಾಚಾ ಊದುವುದನ್ನೂ ಮರೆತು ನನ್ನನ್ನೇ ನೋಡಿದರು. “ಲಗೂ ಲಗೂ ಬಾಯಿ ಹೊಲದು ಬಂದಿಯಲ್ಲವಾ. ಒಳಗ ಸಿಕ್ಕೊಂಡದ್ದು ಹೊರಗ ಹ್ಯಾಂಗ ಬರಬೇಕು?”

ಇಷ್ಟು ದಿನ ಹಸಿರು, ನೀಲಿ ಎಂದು ನನ್ನ ಜೀವ ತಿಂದದ್ದು ಯಾತಕ್ಕೆಂದು ಆಗ ಹೊಳೆಯಿತು. “ಹೌದ್ರಿ ಅತ್ತಿ, ಭಾಳ ಕಚ್ಚಾ ಐತಿ” ಎಂದೆ. ಒಳಗೆ ಹೋಗಿ ಒಲೆಯ ಹೊಗೆಯ ನೆಪದಲ್ಲಿ ಅತ್ತುಬಿಟ್ಟೆ.

ಮರುದಿನ ಪುಟದ ಕೆಳಗೆ ‘ಕೆಲಸ ನಡೆದಿದೆ’ ಎಂದು ಬರೆದೆ. ಆ ಕೆಲಸ ಮಳೆಗಾಲ ಕಳೆದರೂ ನಡೆಯಿತು, ಚಳಿಗಾಲ ಬಂದರೂ ನಡೆಯಿತು. ವೆಬ್‌ಸೈಟಿನಿಂದ ಒಂದು ತಲೆದಿಂಬೂ ಮಾರಾಟವಾಗಲಿಲ್ಲ. ಆದರೆ ಗಾದಿ ಒಯ್ಯಲು ಬಂದ ನರಗುಂದದ ಬೀಜದ ವ್ಯಾಪಾರಿಯೊಬ್ಬರು ಅದನ್ನು ನೋಡಿ ತಮಗೂ ಬೇಕೆಂದರು. ಅತ್ತೆಯನ್ನು ಒಪ್ಪಿಸಿದ್ದೂ ಚಾಚಾನೇ. ಅಲ್ಲಿಂದ ಮುಂದೆ ಆ ಅಗಳಿ ನನ್ನನ್ನು ತಡೆಯಲಿಲ್ಲ.

ಚಾಚಾ ತೀರಿಕೊಂಡಾಗ ಅವರ ಹುಬ್ಬು ಮೊದಲ ಬಾರಿ ಸ್ವಚ್ಛವಾಗಿತ್ತು. ನನಗೆ ನೋಡಲಾಗಲಿಲ್ಲ. ಕೆಲವು ದಿನಗಳ ಮೇಲೆ ಅವರ ಮಗ ಕೇಳಿದ: “ಅಕ್ಕಾ, ಅಬ್ಬಾಂದು ವೆಬ್‌ಸೈಟ್ ಇನ್ನರ ಪೂರಾ ಮಾಡಿಬಿಡ್ರಿ.”

“ಇಲ್ಲಪಾ” ಎಂದೆ. “ಇನ್ನೂ ಕಚ್ಚಾ ಐತಿ. ನಾಳಿನೂ ಬರಬೇಕಾಗತೈತಿ.”