ಓಟಿನ ನೆಪದಲ್ಲಿ ತವರಿಗೆ

ಬೆಳಗಿನ ಐದೂವರೆಗೆ ವಿಜಯಪುರದಲ್ಲಿ ಹುಬ್ಬಳ್ಳಿ ಬಸ್ಸು ಹತ್ತಿದೆ. ಸುಮಾರು ಇನ್ನೂರು ಕಿಲೋಮೀಟರು, ಐದು ತಾಸಿನ ದಾರಿ. ಬಾಗಲಕೋಟೆ ದಾಟುವಷ್ಟರಲ್ಲಿ ಮೇ ತಿಂಗಳ ಬಿಸಿಲಿಗೆ ಕಿಟಕಿಯ ಸರಳು ಕಾದಿತ್ತು. ನರಗುಂದದಲ್ಲಿ ಗಿರ್ಮಿಟ್ಟು ತಿಂದು ಚಹಾ ಕುಡಿದೆ.

ಮದುವೆಯಾಗಿ ಹದಿನೆಂಟು ವರ್ಷವಾದರೂ ನನ್ನ ಹೆಸರು ತವರಾದ ಹುಬ್ಬಳ್ಳಿಯ ನವನಗರದ ಮತದಾರರ ಪಟ್ಟಿಯಲ್ಲೇ ಇದೆ. ಮನೆಯವರು ‘ಇತ್ತ ಹಾಕಿಸಿಕೋ’ ಎನ್ನುತ್ತಾರೆ, ನಾನು ನಾಳೆ ಎನ್ನುತ್ತೇನೆ. ಹೋದ ವಿಧಾನಸಭೆ ಚುನಾವಣೆಯ ದಿನ ಅಣ್ಣನ ಮನೆಯಲ್ಲಿ ಉಣ್ಣುತ್ತ, ಅವನ ಪಕ್ಷಕ್ಕೆ ಓಟು ಹಾಕಲಿಲ್ಲವೆಂದು ಬಾಯಿಬಿಟ್ಟೆ. ಇಪ್ಪತ್ತು ವರ್ಷ ಆ ಬಾವುಟ ಹೊತ್ತವನು ಎಂಜಲುಗೈಯಲ್ಲೇ ಎದ್ದುಹೋದ. ಆಮೇಲೆ ನಾಗರಪಂಚಮಿಗೆ ತವರಿಗೆ ಕರೆಯಲು ಬರಲಿಲ್ಲ, ಫೋನೂ ಇಲ್ಲ. ನನ್ನ ಸೊಕ್ಕೇನು ಕಡಿಮೆಯೇ? ನಡುವಿನ ಲೋಕಸಭೆ ಚುನಾವಣೆಗೂ ನಾನು ಹೋಗಲಿಲ್ಲ. ಹೀಗೇ ಐದು ವರ್ಷ ಕಳೆದವು. ಈಗ ಅಣ್ಣನನ್ನು ನೋಡಬೇಕೆನಿಸಿತ್ತು, ಅಷ್ಟೇ.

ಹುಬ್ಬಳ್ಳಿಯಲ್ಲಿ ಇಳಿದೆ. ಆಟೊದವನು ಇನ್ನೂರು ಎಂದು ನೂರಾ ಎಂಬತ್ತಕ್ಕೆ ಒಪ್ಪಿದ. ದಾರಿಯಲ್ಲಿ ಅಮರಗೋಳದ ಮಾರುಕಟ್ಟೆ ಮತದಾನದ ರಜೆಗೆ ಬಿಕೋ ಎನ್ನುತ್ತಿತ್ತು.

“ಈ ಸಲ ಗಾಳಿ ಯಾರ ಕಡೆ ಐತ್ರಿ?” ಎಂದೆ.

“ಯಾರೂ ಬಾಯಿ ಬಿಡವಲ್ರು ಅಕ್ಕಾರ. ಹೋದ ಸಲ ಆಟೋದಾಗ ಕುಂತ ಮಂದಿ ಜಗಳಾನ ಆಡ್ತಿದ್ರು. ಈ ಸಲ ಎಲ್ಲಾರೂ ಗಪ್. ಮಂದಿ ಹಿಂಗ ಸುಮ್ನಾದ್ರಂದ್ರ ಕುರ್ಚಿ ಅಳ್ಳಾಡತೈತ್ರಿ,” ಎಂದ.

ಮತಗಟ್ಟೆಯಿದ್ದ ಶಾಲೆಯಿಂದ ದೂರದಲ್ಲಿ ಎರಡು ಪಕ್ಷದವರ ಮೇಜುಗಳಿದ್ದವು. ಪಟ್ಟಿಯಲ್ಲಿ ಹೆಸರು ಹುಡುಕಿ, ಕ್ರಮಸಂಖ್ಯೆಯ ಚೀಟಿ ಬರೆದುಕೊಡುವ ಮೇಜುಗಳು. ಒಂದರ ಸುತ್ತ ಜಾತ್ರೆಯಷ್ಟು ಜನ. ಇನ್ನೊಂದರಲ್ಲಿ ಅಣ್ಣ ಒಬ್ಬನೇ. ಓಣಿಯ ಹಳಬರೇ ಅವನ ಕಣ್ಣು ತಪ್ಪಿಸಿ ಆಚೆ ಹೋಗುತ್ತಿದ್ದರು. ಗಾಳಿ ಯಾವ ಕಡೆ ಎಂದು ಮತ್ತೆ ಯಾರನ್ನೂ ಕೇಳಬೇಕಿರಲಿಲ್ಲ. ಅವನ ತಲೆ ಪೂರ್ತಿ ನೆರೆತಿತ್ತು.

ಅವನ ಮುಂದೆ ಹೋಗಿ ನಿಂತೆ. ಪಟ್ಟಿ ತೆರೆಯದೆ, ತಲೆಯನ್ನೂ ಎತ್ತದೆ, ನನ್ನ ಹೆಸರು, ಕ್ರಮಸಂಖ್ಯೆ ಬರೆದುಕೊಟ್ಟ. ಪ್ರತಿ ಚುನಾವಣೆಯ ಪಟ್ಟಿಯಲ್ಲೂ ಬದಲಾಗುವ ಸಂಖ್ಯೆ ಅದು. ಮೊದಲೇ ಹುಡುಕಿಟ್ಟಿದ್ದ.

ಈ ಸಲ ಅಣ್ಣನ ಪಕ್ಷಕ್ಕೇ ಎಂದು ಬಸ್ಸಿನಲ್ಲಿ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಯಂತ್ರದ ಮುಂದೆ ನಿಂತಾಗ ಬೆರಳು ಒಪ್ಪಲಿಲ್ಲ. ಬೇರೆ ಗುಂಡಿ ಒತ್ತಿ ಹೊರಬಂದು ಮತ್ತೆ ಅಣ್ಣನ ಮೇಜಿನ ಬಳಿ ಹೋದೆ.

“ಮನಿಗೆ ಹೋಗು. ನಿಮ್ಮ ವೈನಿ ಉಣ್ಣದ ಕಾಯಾಕತ್ತಾಳ,” ಎಂದ ಅಣ್ಣ. ಐದು ವರ್ಷದ ಮೇಲೆ ಅವನ ದನಿ ಕೇಳಿದೆ.

ಅತ್ತಿಗೆ ಅಳುತ್ತಲೇ ಬಡಿಸಿದಳು. ನಾಲ್ಕಕ್ಕೆ ಬಸ್ಸಿಗೆ ಹೊರಟಾಗ ಮೇಜಿನ ಬಳಿ ಆಟೊ ನಿಲ್ಲಿಸಿದೆ. ಮತದಾನ ಮುಗಿಯದೆ ಅವನು ಏಳುವಂತಿರಲಿಲ್ಲ.

“ಅಣ್ಣಾ, ಓಟು ನಾ...”

“ಹೇಳಬ್ಯಾಡ,” ಎಂದ. “ಹೇಳಿದ್ರ ಮತ್ತ ಐದು ವರ್ಷ ಹೊಕ್ಕಾವು. ನನಗೂ ವಯಸ್ಸಾತು.”

ಆಟೊ ತಿರುಗುವವರೆಗೂ ಹಿಂದಿರುಗಿ ನೋಡಿದೆ. ಅವನ ಮೇಜಿನ ಮುಂದೆ ಯಾರೂ ಇರಲಿಲ್ಲ. ಅವನು ನನ್ನತ್ತಲೇ ನೋಡುತ್ತಿದ್ದ.