ಅಳಿಯನ ಕೆಂಪು, ಅತ್ತೆಯ ಡಬ್ಬಿ

ಬೀಜಕ್ಕೂ ವಯಸ್ಸಾಗುತ್ತದೆ, ಬೀಜವೂ ಸಾಯುತ್ತದೆ. ಡಬ್ಬಿಗೆ ಹಾಕಿ ಮುಚ್ಚಳ ಬಿಗಿದ ಮಾತ್ರಕ್ಕೆ ಅದೇನು ಚಿರಂಜೀವಿಯಾಗುವುದಿಲ್ಲ. ಎಲ್ಲರಿಗೂ ಗೊತ್ತಿರಬೇಕಾದ ಈ ಮಾತು ಬಣ್ಣದ ಮೇಷ್ಟ್ರಿಗೆ ಗೊತ್ತಿರಲಿಲ್ಲ.

ಮೇಷ್ಟ್ರು ಅಂದರೆ ಪಾಠ ಹೇಳುವವರಲ್ಲ. ಮುದ್ರಣಾಲಯದಲ್ಲಿ ಕಂಪ್ಯೂಟರ್ ಮುಂದೆ ಕೂತು ಚಿತ್ರಗಳ ಬಣ್ಣ ತಿದ್ದುವವರು. ಚಳಿ ಶುರುವಾಯಿತೆಂದರೆ ಬೀಜದ ಕಂಪನಿಯೊಂದರ ಕ್ಯಾಟಲಾಗ್ ಅವರ ಮೇಜಿಗೆ ಬರುತ್ತಿತ್ತು. ಸಪ್ಪೆ ಮೋರೆಯ ಟೊಮೆಟೊಗೆ ಕೆಂಪು ಬಳಿದವರು ಇವರೇ. ಕುಂಬಳಕಾಯಿ ದೊಡ್ಡದಾಗಿ ಕಾಣಲೆಂದು ಪಕ್ಕದಲ್ಲಿ ನಿಂತ ಮಗುವನ್ನು ಕುಗ್ಗಿಸಿದವರೂ ಇವರೇ. ‘ಈ ಗಿಡದ ಬೀಜ ಎತ್ತಿಟ್ಟು ಬಿತ್ತಿದರೆ ಇದೇ ಹಣ್ಣು ಬಾರದು’ ಎಂಬ ಸಾಲನ್ನು ಇರುವೆಯೂ ಕಣ್ಣು ಕಿರಿದು ಮಾಡಿ ಓದಬೇಕಾದಷ್ಟು ಸಣ್ಣದಾಗಿಸಿ ಕೊನೆಯ ಪುಟದ ಮೂಲೆಗೆ ತಳ್ಳಿದ್ದೂ ಇವರೇ. ಹೇಳಿದ್ದು ಕಂಪನಿ, ಮಾಡಿದ್ದು ಇವರು. ಕೇಳಿದರೆ ಹೊಟ್ಟೆಪಾಡು. ಲೋಕದ ಅರ್ಧ ಸುಳ್ಳಿಗೆ ಇಟ್ಟ ಹೆಸರೇ ಅದು.

ಇಷ್ಟೆಲ್ಲ ಮಾಡಿ, ಅಚ್ಚಾದ ಮೊದಲ ಪ್ರತಿಯನ್ನು ಕಂಕುಳಲ್ಲಿ ಇರುಕಿಕೊಂಡು ಮನೆಗೆ ಬರುತ್ತಿದ್ದರು. ಭಾನುವಾರ ಕಂಬಳಿ ಹೊದ್ದು, ಕಿಟಕಿಯ ಬಿಸಿಲಿಗೆ ಬೆನ್ನು ಕೊಟ್ಟು, ಪೆನ್ಸಿಲ್ ಹಿಡಿದು ಕೂತರೆಂದರೆ ತಾವೇ ಬಳಿದ ಕೆಂಪಿಗೆ ತಾವೇ ಬಾಯಿ ಬಿಡುತ್ತಿದ್ದರು. ತಾನು ತೋಡಿದ ಹಳ್ಳಕ್ಕೆ ತಾನೇ ಬೀಳುವವರಿಗೆ ಬರವಿಲ್ಲ. ಪ್ರತಿ ವರ್ಷ ಅದೇ ಹಳ್ಳಕ್ಕೆ, ಕಂಬಳಿ ಸಮೇತ, ಖುಷಿಯಿಂದ ಬೀಳುವವರು ಅಪರೂಪ.

“ಆ ಕೆಂಪು ನೀವೇ ಹಾಕಿದ್ದಲ್ವೇನ್ರೀ?” ಎಂದು ಹೆಂಡತಿ ಕೇಳಿದರೆ, “ಒಂಚೂರು ಹಾಕಿದೀನಿ. ಒಳಗೆ ಇದ್ದಿದ್ದಕ್ಕೇ ಹಾಕೋದು” ಅನ್ನುತ್ತಿದ್ದರು.

ತಾರಸಿಯ ಮೇಲಿದ್ದದ್ದು ಐದು ಕುಂಡ. ಪೆನ್ಸಿಲ್ ಗುರುತು ಬಿದ್ದದ್ದು ಮೂವತ್ತೆಂಟು ತಳಿಗೆ.

ಅತ್ತೆ, ಅಂದರೆ ಹೆಂಡತಿಯ ತಾಯಿ, ಇವರ ಮನೆಗೆ ಬಂದು ಆರು ವರ್ಷವಾಗಿತ್ತು. ಬರುವಾಗ ಮುಲಾಮಿನ ಖಾಲಿ ಡಬ್ಬಿಯಲ್ಲಿ ತಮ್ಮ ಹಿತ್ತಲಿನ ಬಳ್ಳಿ ಹುರುಳಿಕಾಯಿಯ ಹತ್ತು ಬೀಜ ತಂದಿದ್ದರು. ಅವರ ತಾಯಿಯ ಕಾಲದಿಂದ ಬಂದ ತಳಿ. ಹಿತ್ತಲಿದ್ದ ಜಾಗದಲ್ಲಿ ಈಗ ಮೂರಂತಸ್ತಿನ ಕಟ್ಟಡ ನಿಂತಿದೆ, ಆ ಬೀಜ ಬೇರೆಲ್ಲೂ ಇಲ್ಲ. ಪ್ರತಿ ಚಳಿಗಾಲ ಅತ್ತೆ ಒಂದು ಕುಂಡ ಕೇಳುತ್ತಿದ್ದರು. “ಮುಂದಿನ ವರ್ಷ ಖಂಡಿತ ಅತ್ತೆ. ಡಬ್ಬೀಲಿರೋದು ಎಲ್ಲಿಗೆ ಹೋಗುತ್ತೆ?” ಎಂದು ಅಳಿಯ ಪುಟ ತಿರುವುತ್ತಿದ್ದರು.

ಹೋದ ವರ್ಷ ಕ್ಯಾಟಲಾಗಿನ ಟೊಮೆಟೊ ಗೋಲಿಯಷ್ಟಾಗಿ ನಿಂತುಬಿಟ್ಟಿತು. ಅತ್ತೆ ಅದನ್ನು ಚಿತ್ರದ ಪಕ್ಕ ಹಿಡಿದು, “ಅಳಿಯಂದ್ರೇ, ಇದು ಅದರ ಮೊಮ್ಮಗುವಾ?” ಎಂದು ಬಹಳ ಗೌರವದಿಂದ ಕೇಳಿದ್ದರು.

ಈ ಸಲ ಅತ್ತೆ ಕುಂಡ ಕೇಳಲಿಲ್ಲ. ಭಾನುವಾರ ಎದುರಿಗೆ ಬಂದು ಕೂತು, ಅಳಿಯನ ಕೈಯಿಂದ ಕ್ಯಾಟಲಾಗ್ ತೆಗೆದುಕೊಂಡು, ಟೊಮೆಟೊ ಪುಟವನ್ನು ಪರ್ರನೆ ಹರಿದು ನೀರಲ್ಲಿ ಅದ್ದಿದರು. ಹತ್ತೂ ಬೀಜ ಅದರೊಳಗಿಟ್ಟು ಮಡಿಸತೊಡಗಿದರು.

“ಜೀವ ಇದೆಯೋ ಇಲ್ವೋ, ಮೊಳಕೆಗಿಟ್ಟು ನೋಡ್ತೀನಿ.”

ಮೇಷ್ಟ್ರ ಬಾಯಿಂದ ಬಂದದ್ದು ಕಸುಬಿನ ಮಾತು. “ಅತ್ತೆ, ಅದು ನುಣುಪು ಕಾಗದ. ನೀರು ಹೀರಲ್ಲ.”

“ಮತ್ತೆ ಇದು ಯಾವ ಉಪಯೋಗಕ್ಕೆ ಅಳಿಯಂದ್ರೇ?”

ಮೇಷ್ಟ್ರು ಜೇಬಿನ ಕರವಸ್ತ್ರ ತೆಗೆದು, ತಾವೇ ಒದ್ದೆ ಮಾಡಿ ಕೊಟ್ಟರು.

ಅಂದಿನಿಂದ ಹಲ್ಲುಜ್ಜುವ ಮೊದಲೇ ಕರವಸ್ತ್ರ ಬಿಚ್ಚಿ ನೋಡುವುದು ಅವರ ಕೆಲಸವಾಯಿತು. ಐದನೇ ದಿನಕ್ಕೆ ನಾಲ್ಕು ಬೀಜ ಕೊಳೆತು ನಾರಿದವು. ಏಳನೆಯ ದಿನಕ್ಕೆ ಇನ್ನೂ ಐದು. ಒಂಬತ್ತನೆಯ ದಿನ, ಉಳಿದ ಒಂದೇ ಒಂದರಿಂದ ಬಿಳಿ ಮೂತಿ ಹೊರಗೆ ಬಂದಿತ್ತು.

“ಬಂದ ವರ್ಷವೇ ಹಾಕಿದ್ರೆ ಹತ್ತೂ ಏಳೋವು” ಎಂದರು ಅತ್ತೆ. ಬೈದಿದ್ದರೆ ಮೇಷ್ಟ್ರು ತಡೆದುಕೊಳ್ಳುತ್ತಿದ್ದರು. ಅತ್ತೆ ಬೈಯಲಿಲ್ಲ. ಮೇಷ್ಟ್ರು ತಾರಸಿಗೆ ಹೋಗಿ, ಇದ್ದುದರಲ್ಲೇ ದೊಡ್ಡ ಕುಂಡ ಖಾಲಿ ಮಾಡಿ, ಹೊಸ ಮಣ್ಣು ತುಂಬಿದರು. ಮೊಳಕೆಯನ್ನು ಅತ್ತೆಯ ಕೈಯಿಂದಲೇ ನೆಡಿಸಿದರು.

ಬಳ್ಳಿ ಕಂಬಿ ಹಿಡಿದು ಏರಿತು, ಕಾಯಿ ಬಿಟ್ಟಿತು. ಮೊದಲ ಕಾಯಿ ವಕ್ರವಾಗಿ, ಮೈತುಂಬ ಮಚ್ಚೆಯಿಟ್ಟುಕೊಂಡು ಜೋತಾಡುತ್ತಿತ್ತು. ಮೇಷ್ಟ್ರು ಕತ್ತು ಓರೆ ಮಾಡಿ ನೋಡಿ, “ಒಂಚೂರು ಹಸಿರು ಏರಿಸಬಹುದಿತ್ತು” ಎಂದರು.

“ಕೈ ಹಾಕೀರಿ, ಹುಷಾರು” ಎಂದರು ಅತ್ತೆ.

ಆ ಬಳ್ಳಿಯ ಒಂದು ಕಾಯಿಯನ್ನೂ ಮನೆಯವರು ತಿನ್ನಲಿಲ್ಲ. ಎಲ್ಲವನ್ನೂ ಬಳ್ಳಿಯಲ್ಲೇ ಒಣಗಲು ಬಿಟ್ಟರು. ಈಗ ಡಬ್ಬಿ ತುಂಬಿದೆ. ಮೇಷ್ಟ್ರು ಕ್ಯಾಟಲಾಗ್ ಬಿಟ್ಟರೇ? ಎಲ್ಲಿಯ ಮಾತು. ಈಗಲೂ ಗುರುತು ಹಾಕುತ್ತಾರೆ, ಆದರೆ ನಾಲ್ಕೇ ಕುಂಡಕ್ಕೆ.

ನಿಮ್ಮ ಅಡುಗೆಮನೆಯ ಮೇಲಿನ ಹಲಗೆಯಲ್ಲೂ ಯಾರೋ ಹಿರಿಯರು ಕೊಟ್ಟ ಅಂಥದ್ದೊಂದು ಡಬ್ಬಿ ಇದೆ. ಮುಂದಿನ ವರ್ಷ ಅಂತ ನೀವೂ ಹೇಳಿದ್ದೀರಿ, ನನಗೆ ಗೊತ್ತು. ಪತ್ರಿಕೆ ಕೆಳಗಿಡಿ. ಸ್ಟೂಲ್ ಹತ್ತಿ. ಆ ಡಬ್ಬಿ ಇಳಿಸಿ, ಇವತ್ತೇ ಬಿತ್ತಿ.